ಹೂಂಗುಟ್ಟಿ ಕೊಂಡ ಮನೆ

ಆಸ್ಟ್ರಿಯಾದ ಒಂದು ಸ್ಕೀ ಊರಿನಲ್ಲಿ ನಮ್ಮದೊಂದು ಅಪಾರ್ಟ್‌ಮೆಂಟ್ ಇದೆ ಎಂದು ಗೊತ್ತಾದ ಕೂಡಲೇ ಜನ ನನ್ನ ಗಂಡನ ಮುಖ ನೋಡುತ್ತಾರೆ. ಪ್ರಹ್ಲಾದ ಊಟದ ತಟ್ಟೆಯಿಂದ ಕಣ್ಣೆತ್ತದೆ ಹೆಬ್ಬೆರಳನ್ನು ನನ್ನ ಕಡೆ ತಿರುಗಿಸಿ, "ನನ್ನ ಏನೂ ಕೇಳಬ್ಯಾಡ್ರಿ, ಎಲ್ಲಾ ಈಕಿ ಕಾರಭಾರ" ಎನ್ನುತ್ತಾರೆ. ಆಗ ಎಲ್ಲರೂ ನನ್ನನ್ನು ನೋಡುತ್ತಾರೆ. ಐವತ್ತೆರಡು ವರ್ಷದ, ಎಸ್ಕಲೇಟರ್ ಮುಂದೆ ನಿಂತು ಮೊದಲ ಮೆಟ್ಟಿಲನ್ನು ಹೋಗಲು ಬಿಟ್ಟು, ಎರಡನೆಯದನ್ನೂ ಬಿಟ್ಟು, ಹಿಂದಿನವರು ಕೆಮ್ಮಿದ ಮೇಲೆ ಮೂರನೆಯದಕ್ಕೆ ಕಾಲಿಡುವ ಹೆಂಗಸು ನಾನು. "ನೀವು ಸ್ಕೀ ಮಾಡ್ತೀರಾ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಅವರೆಕಾಯಿಯಿಂದ ಶುರುಮಾಡಬೇಕಾಗುತ್ತದೆ. ನಿಮಗೂ ಅಲ್ಲಿಂದಲೇ ಹೇಳುತ್ತೇನೆ, ಕೂತುಕೊಳ್ಳಿ.

ಮೈಸೂರಿನ ನಮ್ಮ ಮನೆಯಲ್ಲಿ ಚಳಿಗಾಲದ ಮಧ್ಯಾಹ್ನಗಳು ಅವರೆಕಾಯಿಗೆ ಮೀಸಲು. ಊಟವಾದ ಮೇಲೆ ಅಜ್ಜಿ ನಡುಮನೆಯಲ್ಲಿ ಹಳೇ ಸೀರೆ ಹಾಸಿ, ಅದರ ಮೇಲೆ ಕಾಯಿ ಸುರಿದು, ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸುತ್ತಿದ್ದರು. ಬಿಡಿಸುವುದು ನಮ್ಮ ಪಾಲು, ನೆನೆದ ಕಾಳನ್ನು ಹಿತಕುವುದು ಅವರ ಪಾಲು. ಕೂಲಿಯಾಗಿ ಒಂದು ಕತೆ. ಕತೆಗೆ ಅವರದು ಒಂದೇ ಷರತ್ತು, ಯಾರಾದರೊಬ್ಬರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ರಾಜಕುಮಾರ ಒಂದು ಕಾಲನ್ನು ಕುದುರೆಯ ರಿಕಾಪಿನಲ್ಲಿಟ್ಟು ಇನ್ನೊಂದನ್ನು ನೆಲದ ಮೇಲಿಟ್ಟು ನಾವು ಬಾಯಿ ತೆರೆಯುವವರೆಗೆ ಹಾಗೇ ನಿಂತಿರಬೇಕಾಗಿತ್ತು. ಅಣ್ಣಂದಿರಿಗೆ ಹೂಂ ಅನ್ನುವುದು ಅವಮಾನ, ಚಿಕ್ಕವರಿಗೆ ಅದು ನೆನಪಿರುತ್ತಿರಲಿಲ್ಲ. ಹೀಗಾಗಿ ಆ ಹುದ್ದೆ ನನ್ನ ಪಾಲಿಗೆ ಬಂತು, ಏಳೆಂಟು ವರ್ಷ ಅದನ್ನು ಒಂದು ದಿನವೂ ರಜೆ ಹಾಕದೆ ನಡೆಸಿದೆ.

ಅಜ್ಜಿ ಆಗಾಗ ಪರೀಕ್ಷೆಯನ್ನೂ ಮಾಡುತ್ತಿದ್ದರು. "ಆಮೇಲೆ ರಾಜ ಬಂದು ನಮ್ಮನೆ ಅವರೆಕಾಯಿನೆಲ್ಲ ತಿಂದ್ಬಿಟ್ಟ" ಎನ್ನುವರು. ನಾನು "ಹೂಂ" ಎನ್ನುವೆ. ಎಲ್ಲರೂ ನಗುವರು, ಸುಮತಿ ನಿದ್ದೆಹೋಗಿದ್ದಾಳೆ ಎಂದು. ನಿದ್ದೆಯೂ ಇಲ್ಲ, ಏನೂ ಇಲ್ಲ, ನಾನು ಸರಿಯಾಗಿ ಕೇಳಿಸಿಕೊಂಡೇ ಹೂಂ ಅಂದಿರುತ್ತಿದ್ದೆ. ರಾಜ ಅವರೆಕಾಯಿ ತಿಂದರೆ ತಿನ್ನಲಿ. ಹೇಳಿದ್ದನ್ನು ಕೇಳಿಸಿಕೊಳ್ಳುವುದು ನನ್ನ ಕೆಲಸ, ಒಪ್ಪುವುದು ಬಿಡುವುದು ನನ್ನ ಕೆಲಸವಲ್ಲ. ಈ ವ್ಯತ್ಯಾಸ ನನಗೆ ಆ ವಯಸ್ಸಿಗೇ ಸ್ಪಷ್ಟವಾಗಿತ್ತು. ಮಿಕ್ಕವರಿಗೆ ಅದನ್ನು ತಿಳಿಸಿ ಹೇಳುವುದರಲ್ಲೇ ಅರ್ಧ ಆಯುಷ್ಯ ಕಳೆಯಿತು.

ನನ್ನ ಮದುವೆ ಆದದ್ದೇ ಹಾಗೆ. ನಮ್ಮ ದೊಡ್ಡಮ್ಮ ಒಂದು ದಿನ ನನ್ನ ಪಕ್ಕ ಕೂತು, "ಹುಡುಗ ಧಾರವಾಡದ ಕಡೆಯವನಂತೆ" ಅಂದರು. ಹೂಂ. "ಪಿಎಚ್.ಡಿ. ಮಾಡಕ್ಕೆ ಹಾಲೆಂಡಿಗೆ ಹೋಗ್ತಾನಂತೆ." ಹೂಂ. "ಮನೆಲಿ ಎಲ್ರೂ ಒಳ್ಳೆಯವ್ರಂತೆ." ಹೂಂ. "ಹಾಗಾದ್ರೆ ನಿಂಗೆ ಒಪ್ಗೆ ಅಂತ ಹೇಳ್ಬಿಡ್ಲಾ?" ಇಲ್ಲಿ ನಾನು ನಿಲ್ಲಿಸಬೇಕಾಗಿತ್ತು. ಆದರೆ ಕತೆ ಓಟ ಹಿಡಿದಿತ್ತು, ಮುಂದೆ ಏನೋ ಇದೆ ಎಂದುಕೊಂಡು ಇನ್ನೊಂದು ಹೂಂ ಅಂದೆ. ದೊಡ್ಡಮ್ಮ ಎದ್ದುಹೋಗಿ ಮನೆಮಂದಿಗೆಲ್ಲ ಸಕ್ಕರೆ ಹಂಚಿದರು. ಪ್ರಹ್ಲಾದ ಒಳ್ಳೆಯ ಮನುಷ್ಯ, ಆ ಮಾತು ಬೇರೆ. ಲಾಟರಿಯಲ್ಲಿ ಒಳ್ಳೆಯ ಬಹುಮಾನ ಬಂದರೂ ಟಿಕೆಟ್ ನಾನು ಕೊಂಡಿರಲಿಲ್ಲ ಎನ್ನುವುದು ಒಂದು ಮೂಲೆಯಲ್ಲಿ ಉಳಿದೇ ಉಳಿಯುತ್ತದೆ.

ಮದುವೆಯಾಗಿ ಹಾಲೆಂಡಿನ ಎನ್ಸ್‌ಕೆಡೆಗೆ ಬಂದೆ. ಇವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಮಾಡುತ್ತಿದ್ದರು, ನಾನು ಡಚ್ ಭಾಷೆಯ ತರಗತಿಗೆ ಹೋಗುತ್ತಿದ್ದೆ. ಅಲ್ಲಿಯ ಟೀಚರ್ ಮೂರನೇ ದಿನವೇ ನನ್ನ ಹೂಂ ಹಿಡಿದರು. ಬಾಯಿ ಮುಚ್ಚಿಕೊಂಡು ಹಾಗೆ ಸದ್ದು ಮಾಡಿದರೆ ನಿಮಗೇನೋ ಅನುಮಾನ ಇದೆ ಅಂತ ಇಲ್ಲಿಯವರು ತಿಳಿಯುತ್ತಾರೆ, ಅದರ ಬದಲು ಹೌದು ಎನ್ನುವ 'ಯಾ' ಅನ್ನಿ, ಎಂದರು. ಅದನ್ನೂ ಯಾ ಯಾ ಎಂದು ಎರಡು ಸಲ ಬೇಗಬೇಗ ಅಂದರೆ ನಿಮ್ಮ ಮಾತು ನಂಬಲಿಲ್ಲ ಎಂದಂತೆ, ಒಂದೇ ಯಾ ಅನ್ನಿ, ನಿಧಾನವಾಗಿ, ಪೂರ್ತಿಯಾಗಿ. ನಾನು ಶ್ರದ್ಧೆಯ ವಿದ್ಯಾರ್ಥಿನಿ. ಹೂಂ ಬರುವ ಕಡೆಯಲ್ಲೆಲ್ಲ ಒಂದು ಪೂರ್ತಿ ಯಾ ಕೂರಿಸುವುದನ್ನು ಅಭ್ಯಾಸ ಮಾಡಿದೆ. ಡಚ್ಚರಲ್ಲಿ ಒಂದು ಪೂರ್ತಿ ಯಾ ಎಂದರೆ ಸಹಿ ಹಾಕಿದಷ್ಟೇ ಗಟ್ಟಿ ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಅದರ ಫಲವಾಗಿ ಈ ದೇಶದಲ್ಲಿ ನಾನು ಮಕ್ಕಳ ಶಾಲೆಯ ಹೇನು ನೋಡುವ ಸಮಿತಿಯಲ್ಲಿ ನಾಲ್ಕು ವರ್ಷ ಇದ್ದೆ, ಆಫೀಸಿನಲ್ಲಿ ಯಾರಿಗೂ ಬೇಡವಾದ ಸಾಫ್ಟ್‌ವೇರುಗಳನ್ನೆಲ್ಲ ಟೆಸ್ಟ್ ಮಾಡಿದೆ. ಇಷ್ಟವಿಲ್ಲದೆ ಹೋದ ಕಡೆಯಲ್ಲೂ ಕೆಲಸ ಚೆನ್ನಾಗಿಯೇ ಮಾಡಿದೆ, ಅದು ನನ್ನ ಇನ್ನೊಂದು ದುರಭ್ಯಾಸ.

ಇನ್ನು ಬೆಟ್ಟದ ವಿಷಯ. ಮೈಸೂರಿನಲ್ಲಿ ಬೆಳೆದವರಿಗೆ ಬೆಟ್ಟ ನೋಡುವ ವಸ್ತುವಲ್ಲ. ಅದು ಕಣ್ಣಿನ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ, ಯಾವ ಬೀದಿಯಲ್ಲಿ ನಿಂತರೂ ಬೆಟ್ಟ ಎಲ್ಲಿದೆ ಎಂದು ನೋಡಿಕೊಂಡರೆ ಮನೆ ಯಾವ ಕಡೆ ಎಂದು ತಿಳಿಯುತ್ತದೆ. ಈ ದೇಶದಲ್ಲಿ ಆ ಮೂಲೆ ಖಾಲಿ. ನಾವು ಈಗ ಇರುವ ಜೂಟರ್‌ಮೀರಿನಲ್ಲಿ ಹದಿಮೂರು ವರ್ಷದಿಂದ ನಾನು ದಾರಿ ತಪ್ಪುತ್ತಿದ್ದೇನೆ. ಊರಲ್ಲಿ ಎತ್ತರದ ಜಾಗ ಅಂದರೆ ಒಳಾಂಗಣದ ಸ್ಕೀ ಗುಡ್ಡ. ಒಂದು ದೊಡ್ಡ ಗೋದಾಮನ್ನು ಯಾರೋ ಒಂದು ಕಡೆಯಿಂದ ಎತ್ತಿ ಹಿಡಿದಂತೆ ಇದೆ, ಒಳಗೆ ಬೇಸಿಗೆಯಲ್ಲೂ ಯಂತ್ರದ ಹಿಮ.

ಬೆಟ್ಟಕ್ಕಿಂತ ದೊಡ್ಡ ಆಸೆ ಒಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೈಸೂರಿನ ಮನೆ ಅಜ್ಜಿಯ ಮಾತಿನಂತೆ ನಡೆಯುತ್ತಿತ್ತು. ಧಾರವಾಡದ ಮನೆಯಲ್ಲಿ ನಮ್ಮತ್ತೆ ಉಪ್ಪಿನ ಡಬ್ಬಿ ಇಟ್ಟ ಕಡೆ ಉಪ್ಪಿನ ಡಬ್ಬಿ. ಎನ್ಸ್‌ಕೆಡೆಯದು ವಿಶ್ವವಿದ್ಯಾಲಯದ ಮನೆ, ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಜೂಟರ್‌ಮೀರಿನ ಮನೆಯನ್ನು ಇವರು ಆಫೀಸಿಗೆ ಎಷ್ಟು ದೂರ, ಮಗಳ ಶಾಲೆಗೆ ಎಷ್ಟು ದೂರ ಎಂದು ಅಳೆದು ಆರಿಸಿದರು, ನಾನು ಹೂಂ ಅಂದೆ. ಎಲ್ಲವೂ ಒಳ್ಳೆಯ ಮನೆಗಳೇ. ಆದರೆ ನಾನೇ ಬೇಕು ಎಂದು ಹೇಳಿ, ನಾನೇ ಆರಿಸಿ, ಕಿಟಕಿಯಲ್ಲಿ ಒಂದು ಬೆಟ್ಟ ಇರುವಂಥ ಮನೆ ಒಂದು ನನಗೆ ಬೇಕಾಗಿತ್ತು. ಸಂಬಳದಲ್ಲಿ ಉಳಿಸಿಟ್ಟದ್ದು ಯಾತಕ್ಕೆ ಎಂದು ನನಗೇ ಗೊತ್ತಿರಲಿಲ್ಲ, ಗೊತ್ತಾದದ್ದು ಬಾಡ್‌ಹೂವೆಡಾರ್ಪಿನಲ್ಲಿ.

ಸ್ಕಿಪೋಲ್ ವಿಮಾನ ನಿಲ್ದಾಣದ ಬೆನ್ನಿಗೇ ಇರುವ ಆ ಊರಿಗೆ ನಾನು ಹೋದದ್ದು, ಭಾರತದಿಂದ ಬರುವ ನಾದಿನಿಯ ವಿಮಾನ ತಡವಾದ್ದರಿಂದ, ಹಾಲು ಮೊಸರು ಕೊಳ್ಳಲು. ಅಂಗಡಿಯ ಬಾಗಿಲಲ್ಲಿ ಜನ ಚೀಟಿ ಅಂಟಿಸುವ ಬೋರ್ಡು. ಹಳೇ ಸೈಕಲ್ಲು, ಕಳೆದುಹೋದ ಬೆಕ್ಕುಗಳ ನಡುವೆ ನೀಟಾದ ಕೈಬರಹದಲ್ಲಿ ಒಂದು ಚೀಟಿ: ಆಸ್ಟ್ರಿಯಾದ ಬೆಟ್ಟದಲ್ಲಿ ಚಿಕ್ಕ ಅಪಾರ್ಟ್‌ಮೆಂಟ್ ಮಾರಾಟಕ್ಕಿದೆ, ಫೋನ್ ಮಾಡಿ, ಮೇಲ್ ಬೇಡ. ಪಕ್ಕದಲ್ಲೊಂದು ಫೋಟೋ. ಕಿಟಕಿ, ಕಿಟಕಿಯ ತುಂಬ ಬಿಳಿಯ ಬೆಟ್ಟ. ನಾನು ಆ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ಮೊಸರು ಮರೆತೆ.

ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ. ಕೇಳಬೇಕಾಗಿದ್ದದ್ದು ಒಂದೇ, ಆ ಫೋಟೋ ತೆಗೆದದ್ದು ನಿಜವಾಗಿ ಆ ಮನೆಯಿಂದಲೋ ಅಲ್ಲವೋ ಎಂದು. ಆ ಕಡೆ ಹೆಂಕ್ ಎನ್ನುವವರು, ಎಪ್ಪತ್ತೊಂಬತ್ತು ವಯಸ್ಸು, ಎರಡೂ ಮಂಡಿ ಹೋಗಿದೆ, ಹೆಂಡತಿ ತೀರಿಕೊಂಡು ಮೂರು ವರ್ಷ. ನನ್ನ ಹೆಸರು ಕೇಳಿಸಿಕೊಂಡವರೇ ಮನೆಯ ಕತೆ ಶುರುಮಾಡಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ, ತುರ್ಕಿಯವರ ಅಂಗಡಿಯಿಂದ ತಂದು ನೆನೆಸಿದ್ದ ದಪ್ಪ ಕಾಳನ್ನು ಮುಂದಿಟ್ಟುಕೊಂಡು ಹಿತಕತೊಡಗಿದೆ. ಕೈಯಲ್ಲಿ ಕಾಳು, ಕಿವಿಯಲ್ಲಿ ವಯಸ್ಸಾದವರ ಕತೆ. ನನ್ನ ಬಾಯಿ ತನ್ನ ಕೆಲಸಕ್ಕೆ ತಾನೇ ಹಾಜರಾಯಿತು. ಅವರು ಉಸಿರು ತೆಗೆದುಕೊಂಡಾಗಲೆಲ್ಲ ನಾನು ಒಂದು ಯಾ ಅಂದೆ, ಟೀಚರ್ ಹೇಳಿಕೊಟ್ಟಂತೆ, ನಿಧಾನವಾಗಿ, ಪೂರ್ತಿಯಾಗಿ. ಒಂದು ಗಂಟೆಯ ಮೇಲಾಯಿತು. ಕಾಳು ಮುಗಿಯಿತು, ಕತೆಯೂ ಮುಗಿಯಿತು, ನನ್ನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಸಂಜೆಗೆ ಮೇಲ್ ಬಂತು. ಮೇಲ್ ಬೇಡ ಎಂದವರೇ, ಫೋನಿಡುವಾಗ ನನ್ನ ವಿಳಾಸ ಕೇಳಿಕೊಂಡು, ಬರೆದಿದ್ದರು. 'ಮಾತಾದ ಪ್ರಕಾರ' ಎಂದು ತಲೆಬರಹ, ಕೆಳಗೆ ಒಂದರಿಂದ ಆರರವರೆಗೆ ಅಂಕಿ. ಹೇಳಿದ ಬೆಲೆಗೇ ನಾನು ಕೊಳ್ಳುತ್ತೇನಂತೆ. ಮನೆ ಬಿಸಿಮಾಡುವ ಒಲೆಯ ಸುತ್ತ ಇರುವ ಮರದ ಬೆಂಚನ್ನು ತೆಗೆಯುವುದಿಲ್ಲವಂತೆ, ಬಣ್ಣವನ್ನೂ ಬಳಿಯುವುದಿಲ್ಲವಂತೆ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದಿಲ್ಲವಂತೆ. ಆ ಕಟ್ಟಡದ ಮಾಲೀಕರ ಸಂಘಕ್ಕೆ ಹೆಂಕ್ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ, ಇನ್ನು ಮುಂದೆ ನಾನಂತೆ. ಬರುವ ಚಳಿಗಾಲದೊಳಗೆ ಸ್ಕೀ ಕಲಿಯುತ್ತೇನಂತೆ, ಏಕೆಂದರೆ ಸ್ಕೀ ಬಾರದವರ ಕೈಗೆ ಆ ಮನೆ ಹೋಗಬಾರದು ಎನ್ನುವುದು ತೀರಿಕೊಂಡವರ ಆಸೆ. ಕೊನೆಯದಾಗಿ, ಹೆಂಕ್ ಬದುಕಿರುವವರೆಗೆ ಪ್ರತಿವರ್ಷ ಫೆಬ್ರವರಿಯ ಎರಡನೇ ವಾರ ಮನೆ ಅವರದು. ಬೇರೆ ಇಬ್ಬರು ಗಿರಾಕಿಗಳಿಗೆ ಆಗಲೇ ಇಲ್ಲ ಎಂದು ಹೇಳಿದ್ದೇನೆ, ಮುಂದಿನ ಭಾನುವಾರದೊಳಗೆ ನೀವು ಬರವಣಿಗೆಯಲ್ಲಿ ಒಪ್ಪಿದರೆ ಸಾಕು, ಎಂದು ಮುಗಿಸಿದ್ದರು.

ಪ್ರಹ್ಲಾದ ಮೇಲನ್ನು ಎರಡು ಸಲ ಓದಿದರು. "ಅಲ್ಲ, ನೀ ಆ ಮನಿಶ್ಯಾಗ ಏನಂತ ಹೇಳಿದಿ?"

"ಏನೂ ಹೇಳಿಲ್ಲ. ಹೂಂ ಅಂದೆ ಅಷ್ಟೆ."

"ಎಷ್ಟ ಸಲ?"

"ಅದನ್ನೆಲ್ಲ ಯಾರು ಎಣಿಸ್ತಾರೆ ರೀ?"

"ಹೆಂಕಪ್ಪ ಎಣಿಸ್ಯಾನ." ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರು. ನಮ್ಮತ್ತೆಯ ಮನೆಯ ಎದುರಿನ ವೆಂಕಪ್ಪನ ತಮ್ಮನೇನೋ ಎನ್ನುವಂತೆ ಇವರು ಅದನ್ನು ಹೇಳುತ್ತಾರೆ. "ಬರದು ಸಹಿ ಮಾಡೂತನಕ ಏನೂ ಆಗೂದಿಲ್ಲ. ತಪ್ಪ ತಿಳಕೊಂಡ್ರಿ, ಕ್ಷಮಿಸ್ರಿ ಅಂತ ನಾ ಒಂದು ಮೇಲ್ ಬರದು ಕೊಡ್ತೇನಿ. ನೀ ಹಾಕಿಬಿಡು, ಮುಗೀತು."

ಹದಿನೇಳರ ಮಗಳು ಅನಘಾ ಹೆಗಲ ಮೇಲಿನಿಂದ ಬಗ್ಗಿ ಓದಿದಳು. "ಅಮ್ಮಾ, ಸೀರಿಯಸ್ಲಿ? ಸ್ಕೀಯಿಂಗ್? ಯು ಆರ್ ಸ್ಕೇರ್ಡ್ ಆಫ್ ಎಸ್ಕಲೇಟರ್ಸ್."

ಇಬ್ಬರೂ ಹೇಳಿದ್ದು ಸರಿಯಾಗಿತ್ತು. ಆದ್ದರಿಂದಲೇ ನನಗೆ ಸಿಟ್ಟು ಬಂತು. ಇವರು ಮೇಲ್ ಬರೆದು ಕೊಡುತ್ತಾರೆ, ನಾನು ಕಳಿಸಬೇಕು, ಅದಕ್ಕೂ ನನ್ನಿಂದ ಒಂದು ಹೂಂ ಬೇಕು. ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ನನಗೆ ಆ ಮನೆ ಬೇಕು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಆದ್ರೆ ಅವರು ಬರೆದ ಹಾಗಲ್ಲ. ಈ ಆರರಲ್ಲಿ ಯಾವುದಕ್ಕೆ ನಿಜವಾಗ್ಲೂ ಹೂಂ, ಯಾವುದಕ್ಕೆ ಇಲ್ಲ ಅಂತ ನಾನು ನೋಡ್ತೀನಿ. ಭಾನುವಾರದ ತನಕ ನನ್ನ ಹತ್ರ ಯಾರೂ ಮಾತಾಡ್ಬೇಡಿ." ಪ್ರಹ್ಲಾದ ಲ್ಯಾಪ್‌ಟಾಪ್ ಮುಚ್ಚಿ, ಚಹಾ ಮಾಡಲು ಎದ್ದರು. ಅವರು ತಾವಾಗಿ ಚಹಾ ಮಾಡುವುದು ನನ್ನ ಮೇಲೆ ಭಯ ಹುಟ್ಟಿದಾಗ ಮಾತ್ರ.

ಆರರಲ್ಲಿ ಕಷ್ಟದ್ದು ಯಾವುದು ಎಂದು ಯಾರನ್ನು ಕೇಳಿದರೂ ಸ್ಕೀ ಎನ್ನುತ್ತಿದ್ದರು. ಅದನ್ನೇ ಮೊದಲು ನೋಡಿಬಿಡೋಣ ಎಂದು ಮಂಗಳವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಆ ಓರೆ ಗೋದಾಮಿಗೆ ಹೋದೆ. ಹೊಸಬರ ತರಗತಿಯಲ್ಲಿ ನಾನು, ಮತ್ತು ನನ್ನ ಸೊಂಟದೆತ್ತರದ ಏಳು ಮಕ್ಕಳು. ಆ ಬೂಟು ಹಾಕಿಕೊಂಡು ನಡೆಯುವುದೆಂದರೆ ಎರಡು ಕಾಲಿಗೂ ಒಂದೊಂದು ಒರಳುಕಲ್ಲು ಕಟ್ಟಿಕೊಂಡ ಹಾಗೆ. ಮೇಲಕ್ಕೆ ಹೋಗಲು ನೆಲದಲ್ಲಿ ಚಲಿಸುವ ಒಂದು ರಬ್ಬರ್ ಪಟ್ಟಿ ಇತ್ತು. ನಾನು ಎಸ್ಕಲೇಟರಿನಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರೆ ಅದು ಇಲ್ಲಿ ಮಲಗಿಕೊಂಡು ನನಗಾಗಿ ಕಾಯುತ್ತಿತ್ತು. ನಾನು ಒಂದು ಮಗುವನ್ನು ಮುಂದೆ ಬಿಟ್ಟೆ, ಇನ್ನೊಂದನ್ನು ಬಿಟ್ಟೆ. ಮೂರನೆಯವಳು, ಗುಲಾಬಿ ಹೆಲ್ಮೆಟ್ಟಿನವಳು, "ಮೇಡಂ, ಈಗ ನಿಮ್ಮ ಸರದಿ" ಎಂದು ಡಚ್ಚಿನಲ್ಲಿ ಖಡಾಖಂಡಿತವಾಗಿ ಹೇಳಿದಳು.

ಕಲಿಸುವಾಕೆ ಇಬ್ಬರು ಮಕ್ಕಳ ತಾಯಿಯಂತೆ ಕಾಣುವ ಗಟ್ಟಿ ಹೆಂಗಸು. ಸ್ಕೀಗಳ ಮೂತಿ ಹತ್ತಿರ ತಂದು, ಹಿಮ್ಮಡಿ ದೂರ ಮಾಡಿ, ಪಿಜ್ಜಾ ತುಂಡಿನ ಆಕಾರ ಮಾಡಿದರೆ ನಿಲ್ಲುತ್ತೀರಿ ಎಂದಳು. ನಾನು ಪಿಜ್ಜಾ ಮಾಡುವಷ್ಟರಲ್ಲಿ ಕೆಳಗಿನ ಬಲೆಯಲ್ಲಿದ್ದೆ. ಎರಡನೇ ಸಲ ಪಕ್ಕಕ್ಕೆ ಬಿದ್ದೆ. ಮೂರನೇ ಸಲ ನಿಂತಲ್ಲೇ ಬಿದ್ದೆ, ಅದಕ್ಕೆ ಇಳಿಜಾರೂ ಬೇಕಾಗಲಿಲ್ಲ. ಐದನೇ ಸಲ ಬಿದ್ದಾಗ ಅಲ್ಲೇ ಕೂತು, ಎದ್ದು ಮನೆಗೆ ಹೋಗಿಬಿಡೋಣ ಎಂದು ನಿಜವಾಗಿಯೂ ಯೋಚಿಸಿದೆ. ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇಲ್ಲಿಗೆ ಬಾ ಎಂದವರೂ ಯಾರೂ ಇರಲಿಲ್ಲವಲ್ಲ, ನಾನೇ ಬಂದದ್ದು. ಎದ್ದೆ. ಏಳನೇ ಸಲ ಮೇಲಿನಿಂದ ಕೆಳಗಿನವರೆಗೆ, ಇಪ್ಪತ್ತು ಹೆಜ್ಜೆಯಷ್ಟು ದೂರ, ನೆಟ್ಟಗೆ ಬಂದು ನಿಂತೆ. ಗುಲಾಬಿ ಹೆಲ್ಮೆಟ್ಟು ಚಪ್ಪಾಳೆ ತಟ್ಟಿತು. ನನಗೆ ಕಣ್ಣಲ್ಲಿ ನೀರು ಬಂತು, ಸಂತೋಷದಿಂದ ಅರ್ಧ, ಸೊಂಟದಿಂದ ಅರ್ಧ.

ಭಾನುವಾರ ಬಾಡ್‌ಹೂವೆಡಾರ್ಪಿಗೆ ಒಬ್ಬಳೇ ಹೋದೆ. ಆ ಊರಿನಲ್ಲಿ ಮಾತಾಡುವುದಕ್ಕೊಂದು ಪದ್ಧತಿಯಿದೆ. ತಲೆಯ ಮೇಲೆ ವಿಮಾನ ಬಂದಾಗ ಎಲ್ಲರೂ ಬಾಯಿ ಮುಚ್ಚುತ್ತಾರೆ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಹೆಂಕ್ ಎತ್ತರದ, ಬಾಗಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಮೇಜಿನ ಮೇಲೆ ಕಾಫಿ, ಆ ಈಮೇಲಿನ ಅಚ್ಚುಪ್ರತಿ, ಪೆನ್ನು. ನಾನು ಕಾಫಿ ಮುಟ್ಟುವ ಮೊದಲೇ ಹೇಳಿದೆ. ಮಾತು ನಡೆದದ್ದು ಡಚ್ಚಿನಲ್ಲಿ, ನನ್ನ ಡಚ್ ಇಲ್ಲಿ ಬರೆದದ್ದಕ್ಕಿಂತ ಬಹಳ ಕುಂಟುತ್ತಿತ್ತು.

"ಹೆಂಕ್ ಅವರೇ, ಫೋನಿನಲ್ಲಿ ನಾನು ಯಾ ಅಂದದ್ದು ಒಪ್ಪಿಗೆ ಅಂತ ಅಲ್ಲ."

"ಮತ್ತೇನು?"

"ಕೇಳಿಸ್ಕೊಳ್ತಾ ಇದೀನಿ, ಮುಂದೆ ಹೇಳಿ ಅಂತ. ನಮ್ಮ ಕಡೆ ಹಾಗೆ ಅನ್ನದೆ ಇದ್ರೆ ಹೇಳೋರಿಗೆ ಅವಮಾನ."

ಒಂದು ವಿಮಾನ ಬಂತು. ಅದು ದಾಟುವವರೆಗೆ ಅವರು ನನ್ನನ್ನೇ ನೋಡುತ್ತಿದ್ದರು. "ಅಂದ್ರೆ ಒಂದು ಗಂಟೆ ಹೊತ್ತು ನೀವು ಸುಮ್ಮನೆ ಬಾಯಿಗೆ ಬಂದ ಸದ್ದು ಮಾಡಿದಿರಿ. ನನ್ನ ಮಾತು ಕೇಳಲೇ ಇಲ್ಲ."

"ಎಲ್ಲ ಕೇಳಿದೀನಿ."

"ಹೌದಾ? ಮೇಲಿನ ಮನೆಯವಳ ಬೆಕ್ಕಿನ ಹೆಸರೇನು ಹೇಳಿ."

"ಬೆಕ್ಕಲ್ಲ, ನಾಯಿ. ಬ್ರೂನೋ. ಒಂದು ಕಿವಿ ಕೇಳಿಸ್ತಿರಲಿಲ್ಲ, ನೀವು ಎಡಗಡೆಯಿಂದ ಕರೆದ್ರೆ ಮಾತ್ರ ಬರ್ತಿತ್ತು. ನಿಮ್ಮ ಹೆಂಡತಿ ಟ್ರೂಸ್ ಅವರು ಬೆಂಚಿನ ದಿಂಬುಗಳಿಗೆ ಹಳೇ ಪರದೆ ಬಟ್ಟೆ ಹಾಕಿ ಹೊಲಿದ್ರು, ಬಟ್ಟೆ ಸಾಲ್ದೆ ನಾಲ್ಕನೆಯದಕ್ಕೆ ಬೇರೆ ಬಣ್ಣ ಬಂತು. ರಾತ್ರಿಯೆಲ್ಲ ಹಿಮ ಬಿದ್ದು ಬಾಗಿಲು ತೆಗೆಯಕ್ಕಾಗದೆ ನೀವು ಅಡುಗೆಮನೆ ಕಿಟಕಿಯಿಂದ ಹೊರಗೆ ಇಳಿದ್ರಿ. ಅವರು ಇಳಿಯಲ್ಲ ಅಂದ್ರು, ಒಲೆ ಮೇಲೆ ಬಟಾಣಿ ಸೂಪ್ ಇದೆ ಅಂತ."

ಹೆಂಕ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಹಳ ಹೊತ್ತು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. "ಆ ಇಬ್ಬರು ಗಿರಾಕಿಗಳು ಹತ್ತು ನಿಮಿಷಕ್ಕೇ ಬಾಲ್ಕನಿ ಎಷ್ಟು ಅಡಿ ಅಂತ ಕೇಳಿದರು" ಎಂದರು. ನಾನೂ ಒಂದು ಪ್ರಶ್ನೆ ಕೇಳಲೆಂದೇ ಫೋನ್ ಮಾಡಿದ್ದೆ ಎಂದು ಹೇಳುವ ಅಗತ್ಯ ಕಾಣಲಿಲ್ಲ.

ಆಮೇಲೆ ಕಾಗದವನ್ನು ನನ್ನ ಕಡೆ ಎಳೆದುಕೊಂಡೆ. ಮನೆಯನ್ನು ಕಣ್ಣಾರೆ ನೋಡುತ್ತೇನೆ, ಹಿಡಿಸಿದರೆ ನೀವು ಹೇಳಿದ ಬೆಲೆಯೇ ಇರಲಿ ಎಂದೆ. ಬೆಂಚು ಇರುತ್ತದೆ, ಆ ನಾಲ್ಕನೇ ದಿಂಬೂ ಇರುತ್ತದೆ. ಬಾಡಿಗೆಗೆ ಕೊಡುವುದಿಲ್ಲ. ಸ್ಕೀ ಕಲಿಯುತ್ತೇನೆ, ಆಗಲೇ ಶುರುಮಾಡಿದ್ದೇನೆ. ಇದಕ್ಕೆ ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಾರ್ಯದರ್ಶಿ ಆಗುವುದಿಲ್ಲ ಎಂದೆ. ಇಷ್ಟು ವರ್ಷದಲ್ಲಿ ಒಂದು ಸಮಿತಿಗೆ ನಾನು ಬೇಡ ಎಂದದ್ದು ಅದೇ ಮೊದಲು.

"ಮತ್ತೆ ಫೆಬ್ರವರಿಯ ವಾರ. ಅದೂ ಇಲ್ಲ."

"ಆರರಲ್ಲಿ ನನಗೆ ಮುಖ್ಯವಾದದ್ದು ಅದೊಂದೇ" ಎಂದರು ಹೆಂಕ್.

"ಗೊತ್ತು."

"ಗೊತ್ತಿದ್ದೂ ಇಲ್ಲ ಅಂತೀರಾ?"

"ನಾನು ಇಲ್ಲಿವರೆಗೆ ಇದ್ದದ್ದೆಲ್ಲ ಬೇರೆಯವರು ಹೇಳಿದ ಹಾಗೆ ನಡೆಯೋ ಮನೆಗಳಲ್ಲಿ. ಇದು ನನ್ನದಾಗಬೇಕು, ಐವತ್ತೆರಡು ವಾರವೂ. ನಿಮಗೆ ಬರಬೇಕು ಅನ್ನಿಸಿದಾಗ ನನ್ನನ್ನ ಕೇಳಿ. ಆಗೋದಾದರೆ ಬನ್ನಿ ಅಂತೀನಿ, ಆಗದಿದ್ದರೆ ಇಲ್ಲ ಅಂತೀನಿ. ಕಾಗದದಲ್ಲಿ ಮಾತ್ರ ಬೇಡ."

ಒಂದರ ಹಿಂದೆ ಒಂದು ಎರಡು ವಿಮಾನ ಹೋದವು. ಮುದುಕರು ಕಿಟಕಿಯ ಕಡೆ ತಿರುಗಿದ್ದರು, ಅವರ ಕುತ್ತಿಗೆಯ ಹಿಂದೆ ಕ್ಷೌರದವನು ಬಿಟ್ಟ ನಾಲ್ಕು ಬಿಳಿ ಕೂದಲು ಕಾಣುತ್ತಿತ್ತು. ನನಗೆ ಅಯ್ಯೋ ಅನ್ನಿಸಿತು. ಹೋಗಲಿ ಬಿಡಿ, ಒಂದು ವಾರ ತಾನೇ, ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ಹೇಳಿದ್ದರೆ ನಾನು ಒಳ್ಳೆಯವಳಾಗುತ್ತಿದ್ದೆ, ಮನೆಗೆ ಹೋಗಿ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಮುಂದೆ ಪ್ರತಿ ಫೆಬ್ರವರಿಯಲ್ಲೂ ಊದಿಸಿಕೊಳ್ಳುತ್ತಿದ್ದೆ. ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಬಾಯಿ ಮುಚ್ಚಿಕೊಂಡು ಕೂತೆ. ಸ್ಕೀ ಇದಕ್ಕಿಂತ ಸುಲಭವಾಗಿತ್ತು.

ಹೆಂಕ್ ತಿರುಗಿ, "ಇಷ್ಟು ಸ್ಪಷ್ಟವಾಗಿ ಫೋನಿನಲ್ಲೇ ಹೇಳಬಹುದಾಗಿತ್ತಲ್ಲ" ಎಂದರು. ಎದ್ದುಹೋಗಿ ಖಾನೆಯಿಂದ ಒಂದು ಸ್ಕೇಲು ತಂದರು. ಆರನೇ ಸಾಲಿನ ಮೇಲೆ ಸ್ಕೇಲಿಟ್ಟು ನೆಟ್ಟಗೆ ಒಂದು ಗೆರೆ ಎಳೆದರು. ಆಮೇಲೆ ಕಾರ್ಯದರ್ಶಿಯ ಸಾಲಿನ ಮೇಲೆ. ಅದನ್ನು ಎಳೆಯುವಾಗಲೇ ಅವರಿಗೆ ಹೆಚ್ಚು ದುಃಖವಾದಂತೆ ಕಂಡಿತು.

ಮುಂದಿನ ತಿಂಗಳು ಮೂವರೂ ಕಾರಿನಲ್ಲಿ ಹೋಗಿ ಮನೆ ನೋಡಿದೆವು. ಮೊದಲೆರಡು ದಿನ ಮೋಡ, ಕಿಟಕಿಯಲ್ಲಿ ಬೆಟ್ಟವೂ ಇಲ್ಲ, ಏನೂ ಇಲ್ಲ, ಬರೀ ಬೂದುಬಣ್ಣ. "ಇದರಕಿಂತಾ ಜೂಟರ್‌ಮೀರ್ ಛಲೋ ಕಾಣತದ" ಎಂದರು ಪ್ರಹ್ಲಾದ. ನಾನು ಬೆಂಚಿನ ಮೇಲೆ, ಬಣ್ಣ ಬೇರೆಯಾದ ದಿಂಬಿಗೆ ಒರಗಿ, ಕಾಯುತ್ತೇನೆ ಎಂದು ಕೂತೆ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಬಂದು ನೋಡಿದರೆ ಅದು ಅಲ್ಲಿತ್ತು. ಅಷ್ಟು ಹತ್ತಿರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತೆ. ಇಪ್ಪತ್ತೈದು ವರ್ಷದಿಂದ ಖಾಲಿಯಿದ್ದ ಕಣ್ಣಿನ ಮೂಲೆ ತುಂಬಿತು, ಸಂತೋಷ ಎಂದರೆ ಇದೇ ಎಂದು ಸಂಶಯವಿಲ್ಲದೆ ಗೊತ್ತಾಯಿತು. ಅನಘಾ ಹಿಂದಿನಿಂದ ಬಂದು, "ಓಕೆ, ದಿಸ್ ಈಸ್ ವೆಲ್ ಮೋಯ್" ಎಂದಳು. ಡಚ್ಚಿನಲ್ಲಿ ಚೆಂದ ಎಂಬುದಕ್ಕೆ ಅವಳು ಬಳಸುವ ಅತಿ ದೊಡ್ಡ ಪದ ಅದು.

ಕಾಗದಪತ್ರ ಮುಗಿದು ಬೀಗದ ಕೈ ಬಂದಾಗ ಡಿಸೆಂಬರ್. ಹೆಂಕ್ ಜನವರಿಯಲ್ಲಿ ಕೇಳಿದರು, ಫೆಬ್ರವರಿಯ ಎರಡನೇ ವಾರ ಬರಲೇ ಎಂದು. ಆ ವಾರ ಅನಘಾಳಿಗೆ ರಜೆ, ಆಗುವುದಿಲ್ಲ, ಮಾರ್ಚಿನಲ್ಲಿ ಬನ್ನಿ, ನಾನೂ ಇರುತ್ತೇನೆ, ಬಟಾಣಿ ಸೂಪ್ ಮಾಡುವುದು ಹೇಳಿಕೊಡಿ ಎಂದು ಬರೆದೆ. ಐದು ನಿಮಿಷಕ್ಕೆ ಉತ್ತರ ಬಂತು, ಮಾರ್ಚ್ ಆದೀತು, ಸೂಪಿಗೆ ನೀವು ಮೆಣಸಿನಕಾಯಿ ಹಾಕಬಾರದು. ಈ ಷರತ್ತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಡಿಸೆಂಬರಿನಲ್ಲಿ ನಾವು ಬೀಗ ತೆಗೆದ ಮೊದಲ ದಿನವೇ ಆ ಕಟ್ಟಡ ನೋಡಿಕೊಳ್ಳುವ ಹೆಂಗಸು ಬಾಗಿಲಿಗೆ ಬಂದಿದ್ದಳು, ಕೈಯಲ್ಲಿ ಒಂದು ಚಿಕ್ಕ ಹಿತ್ತಾಳೆಯ ತಗಡು ಮತ್ತು ಬರೆಯುವ ಪುಸ್ತಕ. ಕರೆಗಂಟೆಯ ಪಕ್ಕದ ಹೆಸರು ಬದಲಾಗಬೇಕು, ಏನೆಂದು ಕೊರೆಸಲಿ ಎಂದು ಕೇಳಿ, ಅಭ್ಯಾಸದಂತೆ ಪ್ರಹ್ಲಾದರ ಮುಖ ನೋಡಿದಳು. ಅವರು "ಕುಲಕರ್ಣಿ" ಎಂದು ಶುರುಮಾಡಿ, ನನ್ನನ್ನು ನೋಡಿ, ಅರ್ಧಕ್ಕೆ ನಿಲ್ಲಿಸಿದರು. ನಾನು ಪುಸ್ತಕ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಸುಮತಿ, ಅಷ್ಟೇ. ನಾಲ್ಕು ದಿನಕ್ಕೆ ತಗಡು ಬಂತು. ಸ್ಕ್ರೂ ಕೂರಿಸುವ ಕೆಲಸ ಪ್ರಹ್ಲಾದ ಮಾಡಿದರು, ಕೈಗವಸು ತೆಗೆದು, ಬೆರಳು ಕೆಂಪಾಗುವವರೆಗೆ, ನೆಟ್ಟಗಿದೆಯೇ ಎಂದು ಹಿಂದೆ ಸರಿದು ಸರಿದು ನೋಡಿ.

"ನನ್ನ ಹೆಸರು ಎಲ್ಲೂ ಇಲ್ಲಲಾ" ಎಂದರು.

"ನೀವು ಬೇಕಾದ್ರೆ ಬೆಲ್ ಒತ್ತಿ ಬನ್ನಿ" ಎಂದೆ.

ಅವರು ನನ್ನನ್ನು ಒಳಗೆ ಬಿಟ್ಟು, ತಾವು ಹೊರಗೆ ಹಿಮದಲ್ಲಿ ನಿಂತು, ಬಾಗಿಲು ಎಳೆದುಕೊಂಡರು. ಒಂದು ಗಳಿಗೆ ಬಿಟ್ಟು ಗಂಟೆ ಬಾರಿಸಿದರು. ಬಾಗಿಲಿನ ಚಿಕ್ಕ ಗಾಜಿನಲ್ಲಿ ನೋಡಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ನೆಟ್ಟಗೆ ನಿಂತಿದ್ದರು. ನಾನು ಸೆರಗಿಲ್ಲದ ಸ್ವೆಟರನ್ನು ಒಮ್ಮೆ ಸರಿಮಾಡಿಕೊಂಡು, ಅವರ ಮುಖವನ್ನು ಚೆನ್ನಾಗಿ ನೋಡಿದೆ. ನೋಡಿ, ಈ ಸಲ ನಾನಾಗಿಯೇ ಬಾಗಿಲು ತೆಗೆದೆ.